ಮರಳಿನ ಆಟ

ಈ ವರ್ಷ ನಮ್ಮ ಫುಟ್‌ಬಾಲ್ ಟೀಮು ಹೋದಲ್ಲೆಲ್ಲ ಮೊದಲ ಮ್ಯಾಚಿಗೇ ಗಂಟುಮೂಟೆ ಕಟ್ಟಿತು. ಕೊನೆಯದು ಅಂಕೋಲೆಯಲ್ಲಿ. ಬಿಸಿಲಿಗೆ ಸೆರಗು ಹೊದ್ದು ಕೂತು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದೇ ಬಂತು. ಈ ವಯಸ್ಸಿನ ಹೆಂಗಸಿಗೆ ಇದೆಂಥ ಹುಚ್ಚು ಎಂದು ಪಕ್ಕದವರು ನಕ್ಕರು. ನಗಲಿ. ನಾನು ಹೋಗುವುದು ಗೋಲು ನೋಡಲಿಕ್ಕಷ್ಟೇ ಅಲ್ಲ, ಮೈಕಿನವನು ನಮ್ಮ ಊರಿನ ಹೆಸರು ಕೂಗುವುದನ್ನು ಕೇಳಲಿಕ್ಕೆ.

ಆ ಊರು ಈಗ ಇಲ್ಲ. ಕಾರವಾರದ ಹತ್ತಿರ, ಚೆಂಡಿಯಾದ ಆಚೆ, ಸಮುದ್ರಕ್ಕೆ ತಾಗಿಕೊಂಡಿತ್ತು. ಜಾಗ ನೌಕಾನೆಲೆಗೆ ಹೋಯಿತು, ನಮಗೆ ಹೆದ್ದಾರಿಯ ಈಚೆ ಕಾಲೊನಿಯಲ್ಲಿ ಸೈಟು ಸಿಕ್ಕಿತು. ರಿಕ್ಷಾದವರಿಗೂ ಕಾಲೊನಿ ಎಂದರೇ ಗೊತ್ತಾಗುವುದು. ಹಳೆಯ ಹೆಸರನ್ನು ಹೊತ್ತು ತಿರುಗುತ್ತಿರುವುದು ಈ ಟೀಮೊಂದೇ. ಅದನ್ನು ಅಲ್ಲಿಂದ ಇಲ್ಲಿಗೆ ತಂದು ಉಳಿಸಿಕೊಂಡವನು ನನ್ನ ಅಣ್ಣ. ಹರೆಯದಲ್ಲಿ ಅದಕ್ಕೆ ಆಡಿದವನು, ಈಗ ಹುಡುಗರಿಗೆ ಕಲಿಸುವವನು.

ಸೋಲಿಗೆ ಕಾರಣವೂ ಅವನೇ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ನಮ್ಮೂರಲ್ಲಿ ಆಟವೆಂದರೆ ದಂಡೆಯ ಮರಳಿನ ಮೇಲೆ. ಒಣಮರಳಲ್ಲಿ ಚೆಂಡು ಉರುಳುವುದಿಲ್ಲ, ಹೂತು ನಿಂತುಬಿಡುತ್ತದೆ. ಅದಕ್ಕೇ ಕಾಲ್ಬೆರಳ ತುದಿಯಿಂದ ಎತ್ತಿ ಗಾಳಿಯಲ್ಲೇ ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಅಣ್ಣ ಕಲಿಸುವುದು ಆ ಆಟವನ್ನೇ. ಕಾಲೊನಿಯ ಮೈದಾನವೋ ಚಿರೆಕಲ್ಲಿನ ಗಟ್ಟಿ ನೆಲ. ಎತ್ತಿ ಹೊಡೆದ ಚೆಂಡು ಪುಟಿದು ಗೆರೆಯಾಚೆ ಹೋಗುತ್ತದೆ. ಈಗಿನ ಹುಡುಗರು ಕಾಲೊನಿಯಲ್ಲೇ ಹುಟ್ಟಿದವರು, ಆ ಮರಳನ್ನು ಕಣ್ಣಿಂದ ಕಂಡವರಲ್ಲ. ಆದರೂ ಅಂಕೋಲೆಯಲ್ಲಿ ಅವರು ಚೆಂಡು ಎತ್ತುವುದನ್ನು ನೋಡುತ್ತ ನನಗೆ ನಮ್ಮ ದಂಡೆಯೇ ಕಣ್ಣಿಗೆ ಕಟ್ಟಿತು. ಎದುರಿನವರು ಚೆಂಡನ್ನು ನೆಲದ ಮೇಲೇ ಉರುಳಿಸಿಕೊಂಡು ಬಂದು ಗೋಲಿನ ಮೇಲೆ ಗೋಲು ಹೊಡೆದರು.

ಟೆಂಪೋದಲ್ಲಿ ವಾಪಸು ಬಂದೆವು. ಕಾಲೊನಿಯ ತಿರುವಿನಲ್ಲಿ ಇಳಿದ ಮೇಲೆ ಕ್ಯಾಪ್ಟನ್ ಅಣ್ಣನ ಹತ್ತಿರ ಬಂದ.

“ಕಾಕಾ, ಸಿಟ್ಟು ಮಾಡ್ಬೇಡಿ. ಮುಂದಿನ ವರ್ಷ ನಾವೆಲ್ಲಾ ಕಾರವಾರದ ಟೀಮಿಗೆ ಹೋಗ್ತೇವೆ. ಹಿಂಗೆ ಸೋಲೂಕೆ ಎಂತಕ್ಕೆ ಆಡೂದು?”

ಅಣ್ಣ “ಹೂಂ” ಎಂದ, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಆದರೆ ಹುಡುಗ ಹೇಳಿದ್ದರಲ್ಲಿ ತಪ್ಪೇನಿತ್ತು?

ಮರುದಿನ ಅಣ್ಣನ ಮನೆಗೆ ಹೋಗಿ, ಅತ್ತಿಗೆ ಚಹಾ ಕೊಡುವ ಮೊದಲೇ ಹೇಳಿದೆ. “ಅಣ್ಣಾ, ಮರಳಿನ ಆಟ ಬಿಡು. ಹುಡುಗ್ರಿಗೆ ನೆಲದ ಮೇಲೆ ಆಡೂಕೆ ಕಲಿಸು. ಟೀಮೇ ಹೋದ್ರೆ ನಮ್ಮೂರ ಹೆಸರು ಹೇಳೋರು ಯಾರು?”

“ನಂಗೆ ಬರೂದು ಅದೊಂದೇ ಅಲ್ವಾ, ತಂಗಿ?” ಎಂದ. ಅತ್ತಿಗೆ ತಂದ ಚಹಾವನ್ನು ನನ್ನತ್ತ ಸರಿಸಿ, “ಅದನ್ನೂ ಬಿಟ್ರೆ ಅಲ್ಲಿದ್ದು ಎಂತಾ ಉಳೀತದೆ?” ಎಂದು ಕೇಳಿದ.

“ಹೆಸರು ಉಳೀತದೆ” ಎಂದೆ. ನಾನು ಹಟಮಾರಿ.

ಮಳೆ ಹಿಡಿಯುವ ಮೊದಲು ಅವನು ಹುಡುಗರನ್ನು ಮತ್ತೆ ಕರೆದ. ಕ್ಯಾಪ್ಟನ್ನೂ ಬಂದ. ದಿನಾ ಸಂಜೆ ಮೈದಾನದಿಂದ ಅಣ್ಣನ ದನಿ ನಮ್ಮ ಅಂಗಳದವರೆಗೂ ಕೇಳುತ್ತಿತ್ತು: “ನೆಲಕ್ಕೆ! ಬಾಲು ನೆಲಕ್ಕೇ ಇರ್ಲಿ!” ಹುಡುಗರು ಎಷ್ಟು ಬೇಗ ಕಲಿತರೆಂದರೆ ನನಗೇ ಒಂದು ಥರ ಬೇಜಾರಾಯಿತು. ಒಂದು ಭಾನುವಾರ ಪಕ್ಕದ ಕಾಲೊನಿಯವರನ್ನು ಸೋಲಿಸಿಯೇಬಿಟ್ಟರು. ಬೆವರು ಒರೆಸಿಕೊಳ್ಳುತ್ತ ಬಂದ ಕ್ಯಾಪ್ಟನ್, “ಕಾಕಾ, ನಾವು ಎಲ್ಲೂ ಹೋಗೂದಿಲ್ಲ” ಎಂದ. ಖುಷಿಗೆ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಚೆಂಡೊಂದು ಉರುಳುತ್ತ ಅಣ್ಣನ ಹತ್ತಿರ ಬಂತು. ವಾಪಸು ಕೊಡಲು ಹೋದವನು ಯಾವುದೋ ಗುಂಗಿನಲ್ಲಿ ಕಾಲ್ಬೆರಳ ತುದಿಯಿಂದ ಎತ್ತಿಬಿಟ್ಟ. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ, ಪುಟಿದು, ರಸ್ತೆಗೆ ಹೋಯಿತು.

“ಕಾಕಾ, ನೆಲಕ್ಕೆ! ನೆಲಕ್ಕೆ!” ಎಂದು ಹುಡುಗರೆಲ್ಲ ಹೋ ಎಂದು ನಕ್ಕರು. ಅಣ್ಣನೂ ನಕ್ಕ. ನನಗೆ ನಗಲಾಗಲಿಲ್ಲ.

ಮುಂದಿನ ಸೀಸನ್ನಿನಲ್ಲಿ ನಾವು ಗೆಲ್ಲಬಹುದು. ಫೈನಲ್ಲಿನವರೆಗೂ ಮೈಕಿನಲ್ಲಿ ನಮ್ಮೂರ ಹೆಸರು ಕೇಳಲಿ ಎಂದು ದೇವರಲ್ಲಿ ಹೇಳಿಕೊಂಡಿದ್ದೇನೆ. ಆದರೆ ಆಟ ನೋಡಿ ಇದು ನಮ್ಮೂರ ಟೀಮು ಎಂದು ಗುರುತು ಹಿಡಿಯಲು ಇನ್ನು ನನ್ನಿಂದಾಗದು, ಮೈಕಿನವನೇ ಹೇಳಬೇಕು.