ದೈವದ ಕೋಣೆಯ ಬಲ್ಬು

ಬಂಟ್ವಾಳದ ಕಡೆ ಹಿಂದೂ-ಮುಸ್ಲಿಂ ಗಲಾಟೆಯಾಗಿ ಮೂರು ದಿನವಾಗಿತ್ತು. ಗುರುವಾಯನಕೆರೆಯಲ್ಲಿ ನಾನು ಕೆಲಸಕ್ಕಿದ್ದ ಇನ್ವರ್ಟರ್ ಅಂಗಡಿಯ ಶಟರ್ ಸಂಜೆ ಆರಕ್ಕೇ ಇಳಿಯುತ್ತಿತ್ತು. ಬೆಳಿಗ್ಗೆ ಹೊರಡುವಾಗ ಉಮ್ಮ, "ಯಾರು ಏನು ಕೇಳಿದರೂ ಜಾಸ್ತಿ ಮಾತಾಡ್ಬೇಡ" ಎಂದಿದ್ದರು. ನನ್ನದು ಸುಮ್ಮನಿರುವ ಬಾಯಲ್ಲ. ಹೆದರಿದರಂತೂ ಇನ್ನೂ ಹೆಚ್ಚು ಮಾತಾಡುತ್ತೇನೆ.

ಮಧ್ಯಾಹ್ನ ಮೂಡುಬಿದಿರೆ ರಸ್ತೆಯಿಂದ ಒಳಗಿರುವ ಒಂದು ದೊಡ್ಡ ಮನೆಯಿಂದ ಫೋನ್ ಬಂತು. ಯಾವಾಗಲೂ ಅಲ್ಲಿಗೆ ಹೋಗುವವನಿಗೆ ಜ್ವರ. ಮಾಲೀಕರು ನನ್ನನ್ನು ಕಳುಹಿಸಿದರು. ಆ ಮನೆಯ ತಿರುವಿನ ಬಸ್ ತಂಗುದಾಣದಲ್ಲಿ ನಾಲ್ಕೈದು ಯುವಕರು ಕುಳಿತು, ಹೋಗಿ ಬರುವ ಬೈಕುಗಳನ್ನೆಲ್ಲ ನೋಡುತ್ತಿದ್ದರು. ನನ್ನನ್ನೂ ನೋಡಿದರು.

ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರೇ ಇದ್ದರು. ನನ್ನ ತುಳು ಪಕ್ಕದ ಹಿಂದೂ ಮನೆಯ ಮಕ್ಕಳೊಡನೆ ಆಡಿ ಬೆಳೆದ ತುಳು, ಅದರಲ್ಲಿ ನಮ್ಮ ಬ್ಯಾರಿ ಭಾಷೆಯ ಎಳೆತ ಇಲ್ಲ. ನಾನು ಬ್ಯಾಟರಿಗೆ ನೀರು ಹಾಕುತ್ತಿದ್ದಾಗ ಅವರು ಕೇಳಿದರು: "ನಿನ್ನದು ಯಾವ ಬರಿ ಮಗಾ?"

ತಾಯಿಯ ಕಡೆಯಿಂದ ಬರುವ ವಂಶಕ್ಕೆ ತುಳುವರು ಬರಿ ಎನ್ನುತ್ತಾರೆ. ಗುರುತು ಹಿಡಿಯಲು ಹೆಸರಿಗಿಂತ ಮೊದಲು ಅದನ್ನು ಕೇಳುವ ಹಿರಿಯರು ಈಗಲೂ ಇದ್ದಾರೆ. ನಾನು ಬ್ಯಾರಿ, ಮುಸ್ಲಿಂ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಿರುವಿನಲ್ಲಿದ್ದ ಯುವಕರು ಕಣ್ಣಮುಂದೆ ಬಂದರು. ಪಕ್ಕದ ಮನೆಯವರ ಬರಿಯನ್ನೇ ಹೇಳಿಬಿಟ್ಟೆ.

ಅವರ ಮುಖ ಅರಳಿತು. ಅದು ಅವರದೇ ಬರಿ. ಒಂದೇ ಬರಿ ಎಂದರೆ ಒಡಹುಟ್ಟಿದವರ ಲೆಕ್ಕ. ನನಗೆ ಚಾ ಬಂತು, ಜೊತೆಗೆ ಒಂದು ತಟ್ಟೆ ಚಕ್ಕುಲಿ.

"ದೈವದ ಕೋಣೆಯ ಬಲ್ಬು ಉರಿಯುದಿಲ್ಲ ಮಗಾ. ಬೇರೆಯವರನ್ನು ಒಳಗೆ ಬಿಡ್ಲಿಕ್ಕಿಲ್ಲ. ನೀನು ನಮ್ಮವನೇ ಅಲ್ವಾ, ಕಾಲು ತೊಳೆದು ಹೋಗಿ ನೋಡು" ಎಂದು ಚೊಂಬಿನಲ್ಲಿ ನೀರು ತಂದು ಆ ಕೋಣೆಯ ಬಾಗಿಲಲ್ಲಿಟ್ಟರು.

ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ನಮಾಜು ಮಾಡಿ ಹೊರಟವನು ನಾನು, ಸಂಜೆಯಾಗುವುದರೊಳಗೆ ಅದನ್ನು ಅಲ್ಲಗಳೆದಿದ್ದೆ. ಈಗ ಇವರು ಮೈಲಿಗೆಯಾಗದಂತೆ ಕಾಪಾಡಿಕೊಂಡು ಬಂದ ಕೋಣೆಗೂ ನನ್ನ ಸುಳ್ಳನ್ನು ಹೊತ್ತುಕೊಂಡು ಹೋಗಬೇಕಿತ್ತು. ನಾನು ಚೊಂಬು ಮುಟ್ಟಲಿಲ್ಲ.

"ಅಮ್ಮ, ನಾನು ಸುಳ್ಳು ಹೇಳಿದೆ. ನಾನು ಮುಸ್ಲಿಂ. ಹೆದರಿಕೆಯಾಗಿ ಹಾಗೆ ಹೇಳಿದ್ದು."

ಅವರು ಚೊಂಬನ್ನು ಎತ್ತಿಕೊಂಡರು. "ದೈವದ ವಿಷಯದಲ್ಲಿ ಸುಳ್ಳು ಹೇಳ್ಬಾರ್ದು ಮಗಾ. ನನಗೂ ದೈವದ ಹೆದರಿಕೆ ಉಂಟು" ಎಂದರು.

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಅವರ ಮಗ, ಅವನ ಹಿಂದೆ ತಿರುವಿನಲ್ಲಿದ್ದ ಯುವಕರಲ್ಲಿ ಇಬ್ಬರು. ಮಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವ ಯಾರಮ್ಮ? ಯಾವಾಗಲೂ ಬರುವವ ಅಲ್ಲ ಅಲ್ವಾ?" ಎಂದು ಕೇಳಿದ.

ಉತ್ತರ ನಾನು ಕೊಡಬೇಕಿತ್ತು. ಆಗಷ್ಟೇ ಬಾಯಿಂದ ಸಲೀಸಾಗಿ ಬಂದಿದ್ದ ಸತ್ಯ ಈಗ ಬರಲಿಲ್ಲ.

"ನನ್ನ ತವರಿನ ಕಡೆಯವ. ಕೆಲಸ ಆಯ್ತು, ಹೊರಟಿದ್ದಾನೆ" ಎಂದರು ಆ ತಾಯಿ.

ಮೂವರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಗುರುವಾಯನಕೆರೆ ಸೇರುವವರೆಗೂ ಬೈಕು ನಿಲ್ಲಿಸಲಿಲ್ಲ. ಆ ಮನೆಯಲ್ಲಿ ನಾನು ಸತ್ಯ ಹೇಳಿದ್ದು, ನನಗೇನೂ ಮಾಡಲಾಗದ ಒಬ್ಬ ಮುದುಕಿಯ ಮುಂದೆ ಮಾತ್ರ. ಅವರು ನನಗಾಗಿ ಸುಳ್ಳು ಹೇಳಿದ್ದು ಅವರ ದೈವದ ಬಾಗಿಲಲ್ಲಿ ನಿಂತು.