ಹಿತ್ತಿಲಿನ ತರಗತಿ

...ನಾವು ಆ ಹಿತ್ತಿಲಲ್ಲಿ ಕೂತು ಸುಲಿಯುತ್ತಿದ್ದುದು ಕಡಲೆಕಾಯಿಯೇ ಇರಬೇಕು. ಅಲ್ಲ, ಹುಣಸೆಹಣ್ಣು ಎಂದು ನನ್ನ ಗೆಳತಿ ಹಟ ಹಿಡಿಯುತ್ತಾಳೆ. ಹುಣಸೆಹಣ್ಣು ಬಿಡಿಸಿ ಬೀಜ ತೆಗೆಯುತ್ತಿದ್ದೆವು, ಬೆರಳೆಲ್ಲ ಅಂಟಂಟಾಗುತ್ತಿತ್ತು, ನಿನಗೆ ಮರೆವು ಎನ್ನುತ್ತಾಳೆ. ಇರಬಹುದು. ಆದರೆ ಮೊನ್ನೆ ಮನೆಯಲ್ಲಿ ಕಡಲೆಕಾಯಿ ಮೂಟೆ ಬಿಚ್ಚಿದಾಗ ಎದ್ದ ಧೂಳು, ಕೆಮ್ಮಣ್ಣು ಮತ್ತು ಒಣಹುಲ್ಲು ಬೆರೆತ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಪಾವಗಡದ ನಮ್ಮ ಶಾಲೆಯಲ್ಲ. ಶಾಲೆಯ ಹಿಂದಿದ್ದ ದೊಡ್ಡ ಮೇಷ್ಟ್ರ ಮನೆಯ ಹಿತ್ತಿಲು. ಆ ಹಿತ್ತಿಲ ಬಾಗಿಲಲ್ಲಿ, ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ನಿಂತಿದ್ದ ಸಣ್ಣ ಮೇಷ್ಟ್ರು. ವಾಸನೆ ಸುಳ್ಳು ಹೇಳುವುದಿಲ್ಲ ಎಂದು ಬರೆದುಬಿಡಲು ಆಸೆಯಾಗುತ್ತದೆ. ಹೇಳುತ್ತದೆ. ಹಾಗಾಗಿ ಇಲ್ಲಿ ಯಾವುದು ಖಾತ್ರಿ, ಯಾವುದು ಅಲ್ಲ ಎಂದು ಹೇಳಿಕೊಂಡೇ ಮುಂದೆ ಹೋಗುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಶಾಲೆ ಮಹಾರಾಜರ ಸರ್ಕಾರದ್ದು, ನಾಲ್ಕನೇ ತರಗತಿಯವರೆಗೆ. ಪಾವಗಡ ಮೈಸೂರು ಸೀಮೆಗೆ ಸೇರಿದ್ದರೂ ಊರಿಂದ ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿಗೆ ಮದರಾಸು ಸೀಮೆ ಸಿಗುತ್ತಿತ್ತು. ನಮ್ಮ ಮನೆಗಳಲ್ಲಿ ಆಡುತ್ತಿದ್ದುದು ತೆಲುಗು, ಶಾಲೆಯಲ್ಲಿ ಪುಸ್ತಕ ಕನ್ನಡದ್ದು. ಕೆಲವರು ಹೇಗೋ ದಾಟಿಕೊಂಡರು. ನಾನೂ ನನ್ನ ಗೆಳತಿಯೂ ಇನ್ನೊಂದಷ್ಟು ಮಕ್ಕಳೂ ಮೂರನೇ ತರಗತಿಗೆ ಬಂದರೂ ಪುಸ್ತಕ ಕೈಗೆ ಕೊಟ್ಟರೆ ಬಾಯಿ ಕಟ್ಟಿದಂತೆ ನಿಲ್ಲುತ್ತಿದ್ದೆವು.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಆ ದಿನ ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಓದಬಲ್ಲವರಿಗೆ ಮುಂದಿನ ಸಾಲು. ಓದಲು ಬಾರದವರಿಗೆ ದೊಡ್ಡ ಮೇಷ್ಟ್ರ ಮನೆಯ ಹಿತ್ತಿಲು. ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಕೂತು ಕಡಲೆಕಾಯಿ ಸುಲಿಯಬೇಕು. ಇನ್‌ಸ್ಪೆಕ್ಟರ ಗಾಡಿ ಊರು ಬಿಟ್ಟ ಮೇಲೆ ದೊಡ್ಡ ಮೇಷ್ಟ್ರ ಹೆಂಡತಿ, ನಾವು ಅಮ್ಮಾವ್ರು ಎನ್ನುತ್ತಿದ್ದವರು, ಒಂದೊಂದು ಉಂಡೆ ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಇದು ಆದೇಶವಾಗಿರಲಿಲ್ಲ, ವಾಡಿಕೆಯಾಗಿತ್ತು. ನಮಗಿಂತ ಮುಂಚೆ ಅಲ್ಲಿ ನಮ್ಮ ಅಕ್ಕಂದಿರು ಅಣ್ಣಂದಿರು ಕೂತಿದ್ದರು. ದೊಡ್ಡ ಮೇಷ್ಟ್ರನ್ನು ಕೆಟ್ಟವರೆಂದು ಚಿತ್ರಿಸಲು ನನಗೆ ಮನಸ್ಸಿಲ್ಲ. ಒಳ್ಳೆಯ ವರದಿ ಹೋದರೆ ಶಾಲೆ ಮಿಡ್ಲ್ ಸ್ಕೂಲಾಗುತ್ತದೆಂದು ಅವರು ನಂಬಿದ್ದರು. ನಮ್ಮನ್ನು ಒಂದು ದಿನವೂ ಹೊಡೆದವರಲ್ಲ.

ಸಣ್ಣ ಮೇಷ್ಟ್ರು ಆ ವರ್ಷ ಕೊರಟಗೆರೆ ಕಡೆಯಿಂದ ಬಂದರು. ಹಂಗಾಮಿ ಕೆಲಸ. ಇನ್‌ಸ್ಪೆಕ್ಟರು ಒಳ್ಳೆಯ ಮಾತು ಬರೆದರೆ ಕಾಯಂ, ಇಲ್ಲವಾದರೆ ಮನೆಗೆ. ಇದು ಊರಿಗೆಲ್ಲ ಗೊತ್ತಿತ್ತು. ಅವರಿಗೆ ತೆಲುಗು ಬರುತ್ತಿರಲಿಲ್ಲ. ಬಂದ ವಾರದಲ್ಲೇ ಅದನ್ನು ನಮ್ಮಿಂದ ಕಲಿಯಲು ಶುರು ಮಾಡಿದರು. ಅವರು ಬಾಯಿ ತೆರೆದರೆ ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನಕ್ಕು ಮುಗಿಯುವ ತನಕ ಕಾದು, "ಈಗ ನಿಮ್ಮ ಸರದಿ, ನಾನು ನಗ್ತೀನಿ" ಎಂದು ಪುಸ್ತಕ ನಮ್ಮ ಕೈಗೆ ಕೊಡುತ್ತಿದ್ದರು. ಆದರೆ ನಗುತ್ತಿರಲಿಲ್ಲ... ಅಥವಾ ನಗುತ್ತಿದ್ದರೇನೋ. ನನಗೆ ಬೇಕಾದಂತೆ ನಾನು ತಿದ್ದಿಕೊಂಡಿರಬಹುದು.

ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರ ಮಾತು ಬಂತು. ಆ ದಿನ ನಮಗೆ ಬೇರೆ ಕೆಲಸವಿರುತ್ತದೆ, ಬೆಲ್ಲ ಕೊಡುತ್ತಾರೆ ಎಂದು ನಾನು ಜಂಬದಿಂದಲೇ ಹೇಳಿದೆ. ನಿಮ್ಮನ್ನೇ ಯಾಕೆ ಕರೆಯುತ್ತಾರೆ ಎಂದು ಕೇಳಿದರು.

"ಸುಲಿಯೋದ್ರಲ್ಲಿ ನಾವೇ ಜೋರು ಸಾ."

ಅವರು, "ಸುಲಿಯಕ್ಕಲ್ಲ ಕಣಮ್ಮ, ನಿಮ್ಮನ್ನ ಬಚ್ಚಿಡಕ್ಕೆ" ಎಂದರು.

ಈ ಮಾತು ಖಾತ್ರಿ. ಇದೊಂದನ್ನು ನಾನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಅಲ್ಲಿಯ ತನಕ ಹಿತ್ತಿಲು ನಮಗೆ ಹಬ್ಬವಾಗಿತ್ತು. ಅವಮಾನವನ್ನು ನಮಗೆ ಪರಿಚಯ ಮಾಡಿಸಿದವರು ದೊಡ್ಡ ಮೇಷ್ಟ್ರಲ್ಲ, ಇವರು. ಅದಕ್ಕಾಗಿ ಎಷ್ಟೋ ದಿನ ಅವರ ಮೇಲೆ ನನಗೆ ಸಿಟ್ಟಿತ್ತು. ತೆಲುಗು ಪಾಠ ಹೇಳಿಕೊಡುವುದನ್ನೂ ನಿಲ್ಲಿಸಿದೆ. ಕೃತಜ್ಞತೆಯಿಂದಲೇ ತುಂಬಿದ ಗುರುಸ್ಮರಣೆಗಳನ್ನು ಓದಿದಾಗಲೆಲ್ಲ ನನಗೆ ಈ ಸಿಟ್ಟು ನೆನಪಾಗುತ್ತದೆ.

ಇನ್‌ಸ್ಪೆಕ್ಟರು ಬರುವ ದಿನ ದೊಡ್ಡ ಮೇಷ್ಟ್ರಿಂದ ಎಂದಿನಂತೆ ಕರೆ ಬಂತು, ನಾವು ಎಂದಿನಂತೆ ಹೋದೆವು. ಬಚ್ಚಿಡಲಿಕ್ಕೆಂದು ಗೊತ್ತಿದ್ದರೂ ಹೋದೆವು, ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಾಯಿ ರಾಶಿಯ ಸುತ್ತ ಕೂತಿದ್ದೆವು. ಬಿಸಿಲು ಏರುವ ಹೊತ್ತಿಗೆ ಸಣ್ಣ ಮೇಷ್ಟ್ರು ಬಾಗಿಲಲ್ಲಿ ಬಗ್ಗಿ ನಿಂತು, ಏಳಿ, ಸ್ಕೂಲಿಗೆ ಹೋಗೋಣ ಎಂದರು. ನಾವು ಅಮ್ಮಾವ್ರ ಮುಖ ನೋಡಿದೆವು.

ಅಮ್ಮಾವ್ರು ಮೊರ ಕೆಳಗಿಟ್ಟರು. "ಏನ್ ಮೇಷ್ಟ್ರೇ ಇದು? ನಿಮ್ಮ ಕೆಲ್ಸ ಇನ್ನೂ ಕಾಯಂ ಆಗಿಲ್ಲ ಅನ್ನೋದು ಮರ್ತೋಯ್ತಾ?"

"ಮರ್ತಿಲ್ಲ ಅಮ್ಮಾವ್ರೇ. ಇವರಿಗೆ ಓದಕ್ಕೆ ಬರಲ್ಲ ಅನ್ನೋದನ್ನ ಒಪ್ಕೋತೀನಿ. ಇವರು ಇಲ್ಲವೇ ಇಲ್ಲ ಅಂತ ಹೆಂಗೆ ಒಪ್ಕೊಳ್ಳಲಿ?"

ನಾವು ಎದ್ದೆವು. ಲಂಗಕ್ಕೆ ಅಂಟಿದ್ದ ಸಿಪ್ಪೆಯನ್ನು ಕೊಡವಿಕೊಳ್ಳಲೂ ಅವರು ಬಿಡಲಿಲ್ಲ, ಅಥವಾ ನಮಗೇ ತೋಚಲಿಲ್ಲ. ಹಾಗೇ ಕೆಂಪು ಕೈ, ಕೆಂಪು ಮುಖದಲ್ಲಿ ಸುಣ್ಣ ಬಳಿದ ಕೋಣೆಯೊಳಗೆ ಸಾಲಾಗಿ ಹೋದೆವು. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಖಾಲಿ ಜಾಗ ನೋಡಿ ಅವರು ಆಗಲೇ ಕೇಳಿದ್ದರಂತೆ. ಊರಲ್ಲಿ ಅಮ್ಮ ಎದ್ದಿದೆ, ಆ ಮಕ್ಕಳೆಲ್ಲ ಮೈತುಂಬ ಗುಳ್ಳೆಯಾಗಿ ಮಲಗಿದ್ದಾರೆ ಎಂದು ದೊಡ್ಡ ಮೇಷ್ಟ್ರು ಹೇಳಿಬಿಟ್ಟಿದ್ದರಂತೆ.

ಇನ್‌ಸ್ಪೆಕ್ಟರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಬೇಗ ವಾಸಿಯಾಗಿದೆ" ಎಂದರು.

ಯಾರೂ ನಗಲಿಲ್ಲ. ದೊಡ್ಡ ಮೇಷ್ಟ್ರು ಪೇಟ ಸರಿಮಾಡಿಕೊಂಡರು. ಇನ್‌ಸ್ಪೆಕ್ಟರು ನನ್ನ ಕಡೆಗೇ ಬೆರಳು ತೋರಿಸಿದರು. ಪುಸ್ತಕ ಬಂತು. ಎದ್ದು ನಿಂತೆ. ಗೋಡೆಗೆ ಒರಗಿದ್ದ ಸಣ್ಣ ಮೇಷ್ಟ್ರು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ಅವರ ಕೆಲಸ ನನ್ನ ನಾಲಿಗೆಯ ಮೇಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಷರ ಕಾಣುತ್ತಿತ್ತು. ಕೂಡಿಸಲು ಆಗಲಿಲ್ಲ.

"ಇಂಕಾ ರಾದು ಸಾ" ಎಂದೆ. ತೆಲುಗು ಬಾಯಿಗೆ ಬಂದುಬಿಟ್ಟಿತ್ತು. ಆಮೇಲೆ ಕನ್ನಡದಲ್ಲಿ, ಸ್ವಲ್ಪ ಜೋರಾಗಿ: "ಇನ್ನೂ ಬರಲ್ಲ. ಕಲೀತಾ ಇವ್ನಿ."

ಇಲ್ಲಿ ನನ್ನ ಗೆಳತಿಯ ಕಥೆ ಬೇರೆ. ನಾನು ಪಾಠವನ್ನು ಒಂದು ತಡೆಯೂ ಇಲ್ಲದೆ ಓದಿದೆನಂತೆ, ಇನ್‌ಸ್ಪೆಕ್ಟರು ಭೇಷ್ ಎಂದರಂತೆ, ಸಣ್ಣ ಮೇಷ್ಟ್ರ ಕಣ್ಣಲ್ಲಿ ನೀರಂತೆ. ಅವಳು ಇದನ್ನು ಮೊಮ್ಮಕ್ಕಳಿಗೆ ಹೇಳಿ ಹೇಳಿ ಈಗ ಅದು ನನ್ನ ನೆನಪಿಗಿಂತ ಗಟ್ಟಿಯಾಗಿದೆ. ಹೋದ ವರ್ಷ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿದಾಗ ವೇದಿಕೆಯ ಮೇಲೆ ಅದನ್ನೇ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೋಗಿ ಮೈಕಿನಲ್ಲಿ, ನಾನು ಓದಲಿಲ್ಲ, ನನಗೆ ಬರುತ್ತಿರಲಿಲ್ಲ ಎಂದೆ. ಕೆಳಗೆ ಇಳಿದ ಮೇಲೆ ಅವಳು ನನ್ನ ಕೈ ಜಿಗುಟಿದಳು.

"ಓದ್ದೆ ಅಂದಿದ್ರೆ ನಿನ್ ಗಂಟೇನೇ ಹೋಗ್ತಿತ್ತು? ಮೇಷ್ಟ್ರಿಗೂ ಒಂದು ಮರ್ಯಾದೆ ಆಗ್ತಿತ್ತಲ್ಲ."

ಆಗುತ್ತಿರಲಿಲ್ಲ. ನಾನು ಓದಿದ್ದರೆ ಅವರು ಜಾಣತನದಿಂದ ಒಂದು ಪಂದ್ಯ ಗೆದ್ದವರಾಗುತ್ತಿದ್ದರು, ಅಷ್ಟೆ. ನಾವು ಓದಲಾರೆವು ಎಂದು ಗೊತ್ತಿದ್ದೇ ಅವರು ಹಿತ್ತಿಲಿಗೆ ಬಂದಿದ್ದರು. ಆ ಮನುಷ್ಯನನ್ನು ಚಪ್ಪಾಳೆಗೋಸ್ಕರ ಚಿಕ್ಕವನನ್ನಾಗಿ ಮಾಡಲು ನಾನು ಒಪ್ಪುವುದಿಲ್ಲ.

ಇನ್‌ಸ್ಪೆಕ್ಟರು ಏನು ಬರೆದುಕೊಂಡು ಹೋದರೋ ನಮಗೆ ಯಾರೂ ಹೇಳಲಿಲ್ಲ. ಸಣ್ಣ ಮೇಷ್ಟ್ರು ಬೇಸಿಗೆ ರಜೆಯ ತನಕ ಪಾಠ ಮಾಡಿದರು. ನಾನು ಮತ್ತೆ ತೆಲುಗು ಹೇಳಿಕೊಟ್ಟೆ, ಅವರು ಮತ್ತೆ ತಪ್ಪು ಮಾಡಿದರು. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಜೆ ಮುಗಿದು ಶಾಲೆ ತೆರೆದಾಗ ಅವರ ಜಾಗದಲ್ಲಿ ಬೇರೆಯವರಿದ್ದರು.

ಮುಂದಿನ ವರ್ಷವೂ ಇನ್‌ಸ್ಪೆಕ್ಟರ ದಿನ ಬಂತು. ದೊಡ್ಡ ಮೇಷ್ಟ್ರು ಮತ್ತೆ ಹೇಳಿ ಕಳಿಸಿದರು. ಕೆಲವರು ಎದ್ದು ಹೋದರು, ನನ್ನ ಗೆಳತಿಯೂ ಹೋದಳು. ನಾನು ನನ್ನ ಜಾಗದಲ್ಲಿ ಕೂತಿದ್ದೆ. ದೊಡ್ಡ ಮೇಷ್ಟ್ರು ಬಂದು ಮುಂದೆ ನಿಂತರು, ಮೆಲ್ಲಗೇ ಕೇಳಿದರು, ಏಳಮ್ಮ ಎಂದು. ನಾನು ಹಲಗೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಇಲ್ಲೇ ಇರುತ್ತೇನೆ ಎಂದೆ. ಅವರು ಒಂದು ಗಳಿಗೆ ನಿಂತು ಹೊರಟುಹೋದರು. ಅಷ್ಟು ಹೊತ್ತಿಗೆ ನನಗೆ ಅಷ್ಟೋ ಇಷ್ಟೋ ಓದಲು ಬರುತ್ತಿತ್ತು. ಇನ್‌ಸ್ಪೆಕ್ಟರು ಆ ದಿನ ನನ್ನನ್ನು ಏನೂ ಕೇಳಲಿಲ್ಲ. ನನ್ನ ಮೇಲೆ ಕಣ್ಣು ಹಾಯಿಸಿ ಮುಂದಕ್ಕೆ ಹೋದರು. ಆದರೆ ಹಾಯಿಸಿದರು.

ಈಗ ಆ ಕಾಲದ ದೊಡ್ಡವರು ಯಾರೂ ಉಳಿದಿಲ್ಲ. ಸಣ್ಣ ಮೇಷ್ಟ್ರೂ ಎಲ್ಲೋ ತೀರಿಕೊಂಡಿರಬೇಕು, ನಾವು ಯಾರೂ ಹತ್ತಿರವಿಲ್ಲದೆ. ಅವರನ್ನು ತೆಗೆದದ್ದು ನನ್ನ ಉತ್ತರದಿಂದಲೋ, ಅವರೇ ಬಿಟ್ಟು ಹೋದರೋ ನನಗೆ ಗೊತ್ತಿಲ್ಲ. ಹಿತ್ತಿಲಿಗೆ ಬಂದದ್ದು ನಮಗಾಗಿಯೋ, ದೊಡ್ಡ ಮೇಷ್ಟ್ರ ಮೇಲಿನ ಹಟಕ್ಕೋ, ಅದೂ ಗೊತ್ತಿಲ್ಲ. ಆಮೇಲೆ ಅವರಿಗೆ ಎಲ್ಲಾದರೂ ಕೆಲಸ ಸಿಕ್ಕಿತೇ... ಕೇಳಲು ನನಗೆ ಅವರ ಊರಿನ ಹೆಸರೂ ಗೊತ್ತಿರಲಿಲ್ಲ. ಕೊರಟಗೆರೆ ಕಡೆ ಎಂದಷ್ಟೇ ಗೊತ್ತು.