ಹೆಬ್ಬೆರಳು ನಾಲ್ಕು ಸಲ ಹಾರಿದರೆ

ನನ್ನ ದೊಡ್ಡಪ್ಪ ಕರಿಯಣ್ಣ ನಿದ್ದೆಯಲ್ಲೂ ಏನನ್ನಾದರೂ ಹಿಡಿದುಕೊಂಡೇ ಇರುತ್ತಾನೆ. ಮಂಚದ ಪಟ್ಟಿ, ಕಂಬಳಿಯ ಅಂಚು, ಏನೂ ಸಿಗದಿದ್ದರೆ ದೊಡ್ಡಮ್ಮನ ಸೆರಗು. ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ತೆಂಗಿನಮರ ಹತ್ತಿ ಕಾಯಿ ಕೀಳುವವನು ಅವನು. ಮೀಸೆ ಮೂಡುವ ಮೊದಲೇ ಮರ ಹತ್ತಿದವನ ಬೆರಳು ಆಮೇಲೆ ಪೂರ್ತಿ ಬಿಚ್ಚಿಕೊಂಡಿದ್ದನ್ನು ಯಾರೂ ನೋಡಿಲ್ಲ. ಧಾರೆಯ ಹೊತ್ತಲ್ಲಿ ಹಿಡಿದ ಕೈಯನ್ನು ಊಟಕ್ಕೆ ಕೂತಾಗಲೂ ಬಿಡಲಿಲ್ಲ ಎಂದು ದೊಡ್ಡಮ್ಮ ಧನಲಕ್ಷ್ಮಿ ಈಗಲೂ ದೂರುತ್ತಾಳೆ, ನಗುತ್ತಾ.

ಈ ವರ್ಷ ಅವನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಹೊಟ್ಟೆಗೆ ಸಣ್ಣ ತೂತು ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು ಅಂದರು. ಅದಕ್ಕೆ ಹೆದರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆಯ ಡಾಕ್ಟರ್ ಶಾಂತಕುಮಾರಿ ವಾರ್ಡಿಗೆ ಬಂದು, ನಿದ್ದೆಯ ಔಷಧದ ಜೊತೆಗೆ ಸ್ನಾಯು ಸಡಿಲವಾಗುವ ಔಷಧವನ್ನೂ ಕೊಡುತ್ತೇವೆ ಅಂದಾಗ ಮಾತ್ರ ಎದ್ದು ಕುಳಿತ.

“ಕೈಯೂ ಸಡ್ಲ ಆಯ್ತದಾ?”

“ಇಡೀ ಮೈ.”

“ಹೊಟ್ಟೆ ಮಾತ್ರ ಸಡ್ಲ ಮಾಡಿ ಡಾಕ್ಟ್ರಮ್ಮ, ಕೈ ಬುಟ್ಬುಡಿ! ಹಿಡ್ಕಳದು ಮರ್ತೋದ್ರೆ ನಾನು ಮರದ ಬುಡ್ದಲ್ಲಿ ಕೂತ್ಕಂಡು ಕಾಯಿ ಬೀಳ್ಲಿ ಅಂತ ಕಾಯ್ಬೇಕಾ?”

“ಸುಮ್ಕಿರ್ರೀ, ಮಾನ ಕಳೀಬ್ಯಾಡಿ,” ಎಂದಳು ದೊಡ್ಡಮ್ಮ.

ಡಾಕ್ಟರ್ ನಗಲಿಲ್ಲ. ಮಂಚದ ತುದಿಯಲ್ಲಿ ಕುಳಿತು ಹೇಳಿದರು. “ಹೊಟ್ಟೆ ಬಿಗಿಯಾಗಿದ್ರೆ ಒಳಗೆ ಸಲಕರಣೆ ಆಡಿಸೋಕೆ ಜಾಗ ಇರಲ್ಲ, ಜೋರಾಗಿ ಗಾಳಿ ತುಂಬಿ ಉಬ್ಬಿಸಬೇಕಾಗುತ್ತೆ. ನೀವು ನಿದ್ದೆ ಮಾಡ್ತಿದ್ರೂ ಮೈ ಸುಮ್ನಿರಲ್ಲ. ಯಾರೋ ಮೇಲೆ ಬಿದ್ದರು ಅಂತ ಗಾಬರಿಯಾಗಿ ಎದೆ ಹೊಡ್ಕೊಳುತ್ತೆ, ರಕ್ತದಲ್ಲಿ ಸಕ್ಕರೆ ಏರುತ್ತೆ. ಚೆನ್ನಾಗಿ ಸಡಿಲ ಆದ್ರೆ ಆ ಗಾಬರಿ ಕಮ್ಮಿ.”

“ಎಷ್ಟು ಸಡ್ಲ ಅಂತ ನಿಮ್ಗೆಂಗೆ ಗೊತ್ತಾಯ್ತದೆ?”

“ಮಣಿಕಟ್ಟಿಗೆ ಸಣ್ಣ ಕರೆಂಟು ಕೊಡ್ತೀವಿ. ಹೆಬ್ಬೆರಳು ನಾಲ್ಕು ಸಲ ಹಾರುತ್ತೆ. ಔಷಧ ಇಳಿದ ಹಾಗೆ ಮೂರು, ಎರಡು, ಆಮೇಲೆ ಏನೂ ಇಲ್ಲ. ಮತ್ತೆ ನಾಲ್ಕೂ ಸಲ ಒಂದೇ ಜೋರಲ್ಲಿ ಹಾರಿದ ಮೇಲೇನೇ ಎಬ್ಬಿಸೋದು.”

ದೊಡ್ಡಪ್ಪ ಹೆಬ್ಬೆರಳನ್ನು ದೂರದ ನೆಂಟನನ್ನು ನೋಡುವಂತೆ ನೋಡಿದ. ಸಂಜೆಯೆಲ್ಲ ಅದನ್ನು ಕುಣಿಸುತ್ತಲೇ ಇದ್ದ. ಪಕ್ಕದ ಮಂಚದ ದುರ್ಗಯ್ಯ, “ಏನ್ಲಾ ಅದು ರೋಗ?” ಎಂದು ಕೇಳಿ, ವಿಷಯ ತಿಳಿದು ತಾನೂ ಕುಣಿಸಿದ. ಊಟದ ಹೊತ್ತಿಗೆ ಇಡೀ ವಾರ್ಡಿನ ಹೆಬ್ಬೆರಳುಗಳು ಹಾರುತ್ತಿದ್ದವು. ನರ್ಸ್ ಪವಿತ್ರಾ ಬಾಗಿಲಲ್ಲಿ ನಿಂತು ಬೈಯಬೇಕೋ ನಗಬೇಕೋ ತಿಳಿಯದೆ ಹಾಗೇ ಹೊರಟುಹೋದಳು.

ಮಾರನೆಯ ದಿನ ಆಪರೇಷನ್ ಮುಗಿದು ದೊಡ್ಡಪ್ಪನನ್ನು ಹೊರಗೆ ತಂದಾಗ ಅವನ ಎರಡು ಕೈಯೂ ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದವು, ಬೆರಳು ಬಿಚ್ಚಿಕೊಂಡು. ದೊಡ್ಡಮ್ಮ ಆ ಅಂಗೈಗಳನ್ನು ಮೊದಲ ಸಲ ನೋಡಿದವಳಂತೆ ನಿಂತಳು. ಒಳಗೆ ಹೆಬ್ಬೆರಳು ನಾಲ್ಕೂ ಸಲ ಹಾರಿತು ಎಂದು ಡಾಕ್ಟರ್ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ.

ಡಾಕ್ಟರ್ ತಮ್ಮ ಎರಡು ಬೆರಳನ್ನು ಅವನ ಅಂಗೈಯಲ್ಲಿಟ್ಟರು. “ಕರಿಯಣ್ಣ, ಗಟ್ಟಿಯಾಗಿ ಹಿಡ್ಕೊಳಿ ನೋಡೋಣ.”

ಕಣ್ಣು ಮುಚ್ಚಿಕೊಂಡೇ ಹಿಡಿದ.

“ಸರಿ, ಸಾಕು ಬಿಡಿ. ಬಿಡಿ ಕರಿಯಣ್ಣ. ಅಯ್ಯೋ ಬಿಡೀಪ್ಪಾ!”

“ಬುಟ್ರೆ ಬಿದ್ದೋಯ್ತೀನಿ ಕಣವ್ವ,” ಎಂದು ಗೊಣಗಿದ ದೊಡ್ಡಪ್ಪ. ಯಾವ ಮರದ ತುದಿಯಲ್ಲಿದ್ದನೋ.

ದೊಡ್ಡಮ್ಮ ಅವನ ಕಿವಿಯ ಹತ್ತಿರ ಬಾಗಿದಳು. “ಕೆಳಗಿಳಿದಿದ್ದೀರಿ ಕಣ್ರೀ. ಕಾಲು ನೆಲದ ಮೇಲದೆ. ಬುಡಿ.”

ಬಿಟ್ಟ. ಡಾಕ್ಟರ್ ಕೈ ಒದರಿಕೊಂಡು ಈಗ ಮಾತ್ರ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ದೊಡ್ಡಮ್ಮನಿಗಂತೂ ನಗು ನಿಲ್ಲಲೇ ಇಲ್ಲ.

ವಾರಗಳು ಕಳೆದು ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ, ದೊಡ್ಡಪ್ಪ ಕಾಲಿಗೆ ಹಗ್ಗ ಸುತ್ತಿಕೊಂಡು ಮನೆ ಹಿಂದಿನ ಗಿಡ್ಡ ಮರ ಹತ್ತಿದ. ನಾನೂ ದೊಡ್ಡಮ್ಮನೂ ಕೆಳಗೆ ಉಸಿರು ಹಿಡಿದು ನಿಂತಿದ್ದೆವು. ಗರಿಗಳ ನಡುವೆ ಅವನ ಮುಖ ಕಾಣಿಸಿತು. ಆಮೇಲೆ ಒಂದು ಕೈ ಹೊರಗೆ ಬಂತು, ಹೆಬ್ಬೆರಳು ನಾಲ್ಕು ಸಲ ಕುಣಿಯಿತು.

“ಎರಡು ಕೈಲೂ ಹಿಡ್ಕಳ್ರೀ!” ಎಂದು ಕಿರುಚಿದ ದೊಡ್ಡಮ್ಮನ ಹೆಬ್ಬೆರಳೂ ಸೆರಗಿನ ಮರೆಯಲ್ಲಿ ಕುಣಿಯುತ್ತಿತ್ತು.